ಹೆಸರು ಯಾರ ಸೊತ್ತು?

ಪುಣೆಯಲ್ಲಿರುವ ನನ್ನ ತಮ್ಮನಿಗೆ ಈಚೆಗೆ ಹೆಣ್ಣು ಮಗುವಾಯಿತು. ಮದುವೆಯಾಗಿ ಹನ್ನೊಂದು ವರ್ಷಗಳ ಮೇಲೆ ಹುಟ್ಟಿದ ಕೂಸು, ಸಂಭ್ರಮಕ್ಕೆ ಕೊರತೆಯಿರಲಿಲ್ಲ. ತೊಟ್ಟಿಲ ಶಾಸ್ತ್ರಕ್ಕೆಂದು ನಾನು ದೆಹಲಿಯಿಂದ ಎರಡು ದಿನ ಮುಂಚಿತವಾಗಿಯೇ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಹೆಸರಿನ ಮಾತು ಬಂತು. ನನ್ನ ಮಟ್ಟಿಗೆ ಹೆಸರು ಎಂದೋ ನಿಶ್ಚಯವಾಗಿತ್ತು. ಮೂರು ವರ್ಷದ ಹಿಂದೆ ತೀರಿಕೊಂಡ ನಮ್ಮ ತಾಯಿಯ ಹೆಸರು ಸಾಕಮ್ಮ. ಹಾಗೆಯೇ ಇಡದಿದ್ದರೂ ಮಗುವಿನ ಹೆಸರಿನಲ್ಲಿ ಎಲ್ಲಾದರೂ ಒಂದು ಕಡೆ ಅದು ಸೇರಲಿ ಎಂಬುದು ನನ್ನ ಆಸೆ.

ತಮ್ಮನ ಹೆಂಡತಿ ಒಳಗಿನಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತಂದಳು. ಮಕ್ಕಳಿಗಿಡುವ ಹೆಸರುಗಳ ಕೋಶ. ಗುರುತು ಹಾಕಿದ್ದ ಪುಟವನ್ನು ತೆರೆದು ತೋರಿಸಿದಳು. ಒರೆಂಡಾ, ಹೆಣ್ಣು ಹೆಸರು, ಇರೊಕ್ವಾಯ್ ಮೂಲದ್ದು, ಅರ್ಥ ಮಂತ್ರಶಕ್ತಿ. ಒಂದೇ ಸಾಲು, ಅಷ್ಟರಲ್ಲಿ ಎಲ್ಲ ಮುಗಿದಿತ್ತು.

“ಚೆನ್ನಾಗಿದೆ ಅಲ್ವಾ ಭಾವ? ಇಡೀ ಪುಣೆಯಲ್ಲಿ ಇನ್ನೊಬ್ಬರಿಗೆ ಇರೋಲ್ಲ” ಎಂದಳು.

ನನಗೆ ಮೊದಲು ತೋಚಿದ್ದು, ನಮ್ಮೂರಿನವರ ಬಾಯಿಗೆ ಬಿದ್ದರೆ ಇದು ‘ಓರೆ ಅಂಡೆ’ ಆಗಿಬಿಡುತ್ತದಲ್ಲ ಎಂದು. ಆದರೆ ಹಾಗೆನ್ನದೆ, “ಅಮ್ಮನ ಹೆಸರು?” ಎಂದೆ.

“ಬೇಜಾರು ಮಾಡ್ಕೋಬೇಡಿ ಭಾವ. ಮೂರು ಹೆಣ್ಣಾದ ಮೇಲೆ ನಾಲ್ಕನೇದೂ ಹೆಣ್ಣೇ ಆಯ್ತು ಅಂತ, ಇನ್ನು ಸಾಕು ಅಂದು ಇಟ್ಟ ಹೆಸರಂತೆ ಅದು. ಅತ್ತೇನೇ ನನ್ನ ಹತ್ರ ಹೇಳಿದ್ರು. ಹನ್ನೊಂದು ವರ್ಷ ಕಾದು ಪಡೆದ ಮಗಳನ್ನ ಸಾಕು ಅಂತ ಹೇಗೆ ಕರೀಲಿ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತೊಟ್ಟಿಲ ಶಾಸ್ತ್ರದ ದಿನ ನಮ್ಮ ತಂಗಿ ಮಗುವಿನ ಕಿವಿಯಲ್ಲಿ ಮನೆದೇವರ ಹೆಸರನ್ನೂ ನಕ್ಷತ್ರದ ಹೆಸರನ್ನೂ ಉಸುರಿದಳು. ಕರೆಯುವ ಹೆಸರಿನ ತೀರ್ಮಾನ ಮುಂದಕ್ಕೆ ಹೋಯಿತು. ಜನನ ನೋಂದಣಿಗೆ ಅದರಿಂದೇನೂ ಅಡ್ಡಿಯಿಲ್ಲ. 1969ರ ಕಾಯಿದೆಯ ಪ್ರಕಾರ ಮಗುವಿನ ಹೆಸರಿಲ್ಲದೆಯೂ ಜನನವನ್ನು ದಾಖಲಿಸಬಹುದು. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಕಾಗದಪತ್ರದ ಕೆಲಸ ಮಾಡುವವನಾದ್ದರಿಂದ ಇದನ್ನು ನಾನೇ ಅವರಿಗೆ ಹೇಳಿಕೊಟ್ಟೆ. ಆ ಗಡುವಿನೊಳಗೆ ನನ್ನ ವಾದವನ್ನು ಬಲಪಡಿಸಿಕೊಳ್ಳಬಹುದೆಂಬ ಸಣ್ಣ ದುರಾಸೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ದೆಹಲಿಗೆ ಬಂದವನೇ ಆ ಒರೆಂಡಾಳ ಜಾತಕವನ್ನು ಹುಡುಕತೊಡಗಿದೆ. ಸಿಕ್ಕಿದ್ದು ನನ್ನ ನಿರೀಕ್ಷೆಗಿಂತ ಬೇರೆಯಾಗಿತ್ತು.

ಇರೊಕ್ವಾಯರು ಉತ್ತರ ಅಮೆರಿಕದ ಮೂಲನಿವಾಸಿಗಳು. ಈಗಿನ ನ್ಯೂಯಾರ್ಕ್ ರಾಜ್ಯ ಮತ್ತು ಕೆನಡಾದ ಅದರ ನೆರೆಯ ಭಾಗಗಳವರು. ಮೋಹಾಕ್, ಒನೈಡಾ, ಒನೊಂಡಾಗ, ಕಯೂಗಾ, ಸೆನೆಕಾ ಎಂಬ ಐದು ಜನಾಂಗಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಅವರದು. 1722ರ ಸುಮಾರಿಗೆ ದಕ್ಷಿಣದಿಂದ ಬಂದ ಟಸ್ಕರೋರರು ಸೇರಿ ಆರಾದರು. ‘ಇರೊಕ್ವಾಯ್’ ಎಂಬುದು ಫ್ರೆಂಚರ ಬಾಯಿಂದ ಬಂದ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಹೋಡೆನೊಶೋನಿ’ ಎಂದು, ಅಂದರೆ ಉದ್ದಮನೆಯ ಜನ. ಮರದ ಚೌಕಟ್ಟಿಗೆ ತೊಗಟೆ ಹೊದಿಸಿದ ಒಂದೇ ನೀಳವಾದ ಮನೆಯಲ್ಲಿ ಹಲವು ಒಲೆಗಳು ಉರಿಯುತ್ತಿದ್ದವು. ‘ಮೋಹಾಕ್’ ಎಂಬುದಂತೂ ಹಗೆಗಳು ಕೊಟ್ಟ ಹೆಸರು. ನರಭಕ್ಷಕರು ಎಂಬ ಬೈಗುಳ. ಅವರು ತಮ್ಮನ್ನು ಕರೆದುಕೊಳ್ಳುವುದು ಚಕಮಕಿ ಕಲ್ಲಿನ ನಾಡಿನವರು ಎಂಬರ್ಥದ ಮಾತಿನಿಂದ. ಭೂಪಟದಲ್ಲಿ ಮಾತ್ರ ಬೈಗುಳವೇ ನಿಂತಿದೆ.

ಇನ್ನು ಒರೆಂಡಾ. ಈ ರೂಪದಲ್ಲಿ ಈ ಪದವನ್ನು ಲೋಕಕ್ಕೆ ಪರಿಚಯಿಸಿದವನು ಜೆ. ಎನ್. ಬಿ. ಹೆವಿಟ್. ತಾಯಿಯ ಕಡೆಯಿಂದ ಟಸ್ಕರೋರ ರಕ್ತದವನು, 1859ರಲ್ಲಿ ಹುಟ್ಟಿದವನು. ವಾಷಿಂಗ್ಟನ್ನಿನ ಸರಕಾರಿ ಜನಾಂಗ ಅಧ್ಯಯನ ಇಲಾಖೆಯಲ್ಲಿ 1886ರಿಂದ 1937ರಲ್ಲಿ ಸಾಯುವವರೆಗೆ ಇರೊಕ್ವಾಯ್ ಭಾಷೆಗಳನ್ನು ಬರೆದಿಡುತ್ತಲೇ ಕಳೆದವನು. ಒಂದೇ ಇಲಾಖೆಯಲ್ಲಿ ಅರ್ಧ ಶತಮಾನ ಕುಳಿತವನೆಂದು ನನಗೆ ಅವನ ಮೇಲೆ ಸ್ವಲ್ಪ ಪಕ್ಷಪಾತ. ಅವನು 1902ರಲ್ಲಿ ಮಾನವಶಾಸ್ತ್ರದ ಪತ್ರಿಕೆಯೊಂದರಲ್ಲಿ ಧರ್ಮದ ವ್ಯಾಖ್ಯೆಯನ್ನು ಕುರಿತು ಲೇಖನ ಬರೆದು, ಇರೊಕ್ವಾಯರ ಬಂಧು ಭಾಷೆಯಾದ ಹ್ಯೂರನ್ನಿನಿಂದ ಈ ಪದವನ್ನು ಎತ್ತಿಕೊಂಡ. ಪ್ರತಿಯೊಂದು ಜೀವಿಯಲ್ಲಿ, ಗಾಳಿ ಮಳೆಗಳಲ್ಲಿ, ಕಲ್ಲು ಮರಗಳಲ್ಲಿಯೂ ಇರುವ, ಒಂದರಿಂದೊಂದಕ್ಕೆ ಹೆಚ್ಚುಕಡಮೆಯಾಗುವ ಅಂತಶ್ಶಕ್ತಿಯೆಂಬುದು ಅವನ ವಿವರಣೆ. ಬೇಟೆಗಾರನ ಒರೆಂಡಾ ಮೃಗದ ಒರೆಂಡಾಕ್ಕಿಂತ ಹೆಚ್ಚಾದರೆ ಬೇಟೆ ಸಿಕ್ಕುತ್ತದೆ. ಪ್ರಾರ್ಥಿಸುವವನು ತನ್ನ ಒರೆಂಡಾವನ್ನು ಕೆಳಗಿಡುತ್ತಾನೆ. ಜೀರುಂಡೆಗೆ ಜೋಳ ಮಾಗಿಸುವವನೆಂಬ ಹೆಸರು. ಬೆಳಿಗ್ಗೆ ಅದು ಹಾಡಿದರೆ ಅಂದಿನ ಬಿಸಿಲು ಏರುತ್ತದೆ, ಬಿಸಿಲನ್ನು ತರುವುದು ಅದರ ಹಾಡಿನ ಒರೆಂಡಾ. ಈ ಮಾತಿನ ಬೇರಿನಲ್ಲಿಯೇ ಹಾಡಿನ ಅರ್ಥವಿದೆ. ಇಂದಿಗೂ ಮೋಹಾಕ್ ಭಾಷೆಯಲ್ಲಿ ಹಾಡಿಗೆ ‘ಕರೆನ್ನ’ ಎನ್ನುತ್ತಾರೆ. ಬಿ.ಎಸ್ಸಿ.ಯಲ್ಲಿ ಶಕ್ತಿಯೆಂದರೆ ಅಳೆದು ಬರೆಯುವ ಪ್ರಮಾಣವೆಂದು ಕಲಿತವನಿಗೆ, ಹಾಡಿನಿಂದ ಜೋಳ ಮಾಗುವ ಈ ಲೆಕ್ಕ ಹಿಡಿಸಿತೆಂದು ಹೇಳಲು ಸಂಕೋಚವಿಲ್ಲ.

ಆದರೆ ಗಮನಿಸಬೇಕಾದದ್ದು ಇಷ್ಟು: ಹೆವಿಟ್ಟನ ಲೇಖನದಲ್ಲಿ ಇದು ಯಾವ ಹುಡುಗಿಯ ಹೆಸರೂ ಅಲ್ಲ, ಒಂದು ತತ್ತ್ವದ ಹೆಸರು. ಲೇಖನದಿಂದ ವಿದ್ವಾಂಸರ ಗ್ರಂಥಗಳಿಗೆ, ಅಲ್ಲಿಂದ ನಿಘಂಟಿಗೆ, ನಿಘಂಟಿನಿಂದ ಹೆಸರಿನ ಕೋಶಕ್ಕೆ ಅದು ನಡೆದು ಬಂದಿದೆ. ‘ಇರೊಕ್ವಾಯ್ ಹೆಣ್ಣು ಹೆಸರು’ ಎಂದು ತಮ್ಮನ ಹೆಂಡತಿ ಮೆಚ್ಚಿಕೊಂಡದ್ದು ಸಂಶೋಧನ ಲೇಖನದ ಪಾರಿಭಾಷಿಕ ಪದವನ್ನು. ನಾಳೆ ಯಾರಾದರೂ ಹೊರದೇಶದವರು ತಮ್ಮ ಮಗಳಿಗೆ ‘ಪುರುಷಾರ್ಥ’ ಎಂದಿಟ್ಟು ಭಾರತೀಯ ಹೆಣ್ಣು ಹೆಸರು ಎಂದರೆ ನಾವು ನಗುವುದಿಲ್ಲವೆ?

ಹಾಗಾದರೆ ಇರೊಕ್ವಾಯರು ತಮ್ಮ ಹೆಣ್ಣು ಮಕ್ಕಳಿಗೆ ನಿಜವಾಗಿ ಹೆಸರಿಡುತ್ತಿದ್ದುದು ಹೇಗೆ? ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲ 1851ರಲ್ಲಿ ಅವರ ಒಕ್ಕೂಟದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಅವನೂ ಅವನ ತರುವಾಯದವರೂ ಹೇಳುವ ಪದ್ಧತಿ ಹೀಗಿದೆ. ಹೆಸರುಗಳು ವ್ಯಕ್ತಿಯ ಸೊತ್ತಲ್ಲ, ಕುಲದ ಸೊತ್ತು. ಆಮೆಯ ಕುಲಕ್ಕೆ ಅದರದೇ ಹೆಸರುಗಳು, ತೋಳದ ಕುಲಕ್ಕೆ ಅದರವು, ಕರಡಿಯ ಕುಲಕ್ಕೆ ಅದರವು. ಮಗು ಹುಟ್ಟಿದಾಗ ಹಿರಿಯ ಹೆಂಗಸರು ತಮ್ಮ ಕುಲದ ಹೆಸರುಗಳಲ್ಲಿ ಆಗ ಯಾರೂ ಹೊತ್ತಿಲ್ಲದ ಒಂದನ್ನು ಆರಿಸುತ್ತಾರೆ. ಹಬ್ಬದ ದಿನ ಕೂಡಿದ ಜನರ ಮುಂದೆ ಅದನ್ನು ಸಾರಬೇಕು. ಬದುಕಿರುವ ಇಬ್ಬರಿಗೆ ಒಂದೇ ಹೆಸರು ಇರಕೂಡದು. ಹೊತ್ತವರು ತೀರಿಕೊಂಡರೆ ಹೆಸರು ಕುಲಕ್ಕೆ ಮರಳುತ್ತದೆ. ಮುಂದೊಂದು ದಿನ ಇನ್ನೊಂದು ಮಗುವಿಗೆ ಬರುತ್ತದೆ. ಮಗು ಬೆಳೆದು ದೊಡ್ಡದಾದಾಗ ಹಸುಳೆತನದ ಹೆಸರನ್ನು ಬಿಟ್ಟು ಬೇರೊಂದನ್ನು ತೆಗೆದುಕೊಳ್ಳುವುದೂ ಉಂಟು. ಯುದ್ಧದಲ್ಲಿ ಸೆರೆ ಸಿಕ್ಕಿದವರಿಗೆ ತಮ್ಮಲ್ಲಿ ಸತ್ತವರ ಹೆಸರಿಟ್ಟು, ಅವರ ಸ್ಥಾನದಲ್ಲಿಯೇ ಮನೆಯೊಳಗೆ ಕೂರಿಸಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಜೋಪಾನ ಮಾಡಿದ ಹೆಸರನ್ನು ನಿತ್ಯದಲ್ಲಿ ಬಳಸುತ್ತಿದ್ದುದೇ ಅಪರೂಪ. ಒಬ್ಬರನ್ನೊಬ್ಬರು ಕರೆಯುತ್ತಿದ್ದುದು ಸಂಬಂಧ ಹಿಡಿದು: ಅಮ್ಮ, ಮಾವ, ಅಕ್ಕ, ಮೊಮ್ಮಗಳೇ. ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ನಮ್ಮ ತಂದೆ ಅಮ್ಮನನ್ನು ‘ಇವಳೇ’ ಎನ್ನುತ್ತಿದ್ದರು. ಉಳಿದವರಿಗೆ ಅವಳು ಅಮ್ಮ, ಅತ್ತೆ, ದೊಡ್ಡಮ್ಮ, ಅಜ್ಜಿ. ಸಾಕಮ್ಮ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಇತ್ತು, ಮತದಾರರ ಪಟ್ಟಿಯಲ್ಲಿ ಇತ್ತು.

ಹೆಸರಿನ ಅರ್ಥಕ್ಕೆ ಬರುತ್ತೇನೆ, ಏಕೆಂದರೆ ತಮ್ಮನ ಹೆಂಡತಿಯ ಪ್ರಶ್ನೆ ನಿಂತಿರುವುದು ಅಲ್ಲಿ. ನಿಜವಾಗಿ ಬದುಕಿದ ಒಬ್ಬ ಇರೊಕ್ವಾಯ್ ಹುಡುಗಿಯ ಹೆಸರನ್ನೇ ನೋಡೋಣ. ಅವಳು ತೆಕಕ್ವಿತಾ. 1656ರಲ್ಲಿ, ಮೋಹಾಕ್ ನದಿಯ ಕಣಿವೆಯ ಹಳ್ಳಿಯೊಂದರಲ್ಲಿ ಹುಟ್ಟಿದವಳು. ತಂದೆ ಮೋಹಾಕ್ ಮುಖಂಡ. ತಾಯಿ ಆಲ್ಗಾಂಕ್ವಿನ್ ಜನಾಂಗದವಳು, ಕ್ರೈಸ್ತಳು, ಸೆರೆಯಾಳಾಗಿ ಬಂದವಳು. ಹುಡುಗಿಗೆ ಸುಮಾರು ನಾಲ್ಕು ವರ್ಷವಾಗಿದ್ದಾಗ ಸಿಡುಬಿನ ಬೇನೆ ಬಂದು ತಂದೆ, ತಾಯಿ, ತಮ್ಮ ಮೂವರೂ ಹೋದರು. ಅವಳು ಉಳಿದಳು, ಮುಖದ ತುಂಬ ಕಲೆ, ಕಣ್ಣು ಮಂದ. ಬಿಸಿಲಿಗೆ ಕಣ್ಣು ಬಿಡಲಾಗದೆ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಓಡಾಡುತ್ತಿದ್ದಳಂತೆ. ಸಾಕಿದವನು ಅವಳ ಚಿಕ್ಕಪ್ಪ. ಹತ್ತು ವರ್ಷದವಳಾಗಿದ್ದಾಗ, 1666ರಲ್ಲಿ, ಫ್ರೆಂಚ್ ಸೈನ್ಯ ಬಂದು ಮೋಹಾಕರ ಹಳ್ಳಿಗಳನ್ನೂ ಬೆಳೆಯನ್ನೂ ಸುಟ್ಟುಹಾಕಿತು. ಅಷ್ಟು ಮಂದ ಕಣ್ಣಿನಲ್ಲಿಯೂ ಮಣಿಯ ಕೆಲಸ, ಕಸೂತಿ, ಬುಟ್ಟಿ ಹೆಣಿಗೆಗಳಲ್ಲಿ ಅವಳ ಕೈ ಪಳಗಿತ್ತು.

‘ತೆಕಕ್ವಿತಾ’ ಎಂದರೇನು? ಮೋಹಾಕ್ ಭಾಷೆಯಲ್ಲಿ ಒಂದು ಪದವೇ ಒಂದು ಇಡೀ ವಾಕ್ಯವಾಗಬಲ್ಲದು. ಕರ್ತೃ, ಕ್ರಿಯೆ ಎಲ್ಲ ಅದರೊಳಗೇ ಸೇರಿರುತ್ತವೆ. ಈ ಹೆಸರನ್ನು ಬಿಡಿಸಿದವರಲ್ಲಿ ಕೆಲವರು, ಕೈಯನ್ನು ಮುಂದೆ ಚಾಚಿ ತಡವುತ್ತ ನಡೆಯುವವಳು, ವಸ್ತುಗಳಿಗೆ ಎಡವುವವಳು ಎಂದಿದ್ದಾರೆ. ಇನ್ನು ಕೆಲವರು, ಎಲ್ಲವನ್ನೂ ಅದರದರ ಜಾಗದಲ್ಲಿ ಓರಣವಾಗಿ ಇಡುವವಳು ಎಂದಿದ್ದಾರೆ. ಎದುರಿಗಿರುವುದನ್ನೆಲ್ಲ ಸರಿಸಿಕೊಂಡು ಹೋಗುವವಳು ಎಂಬುದೂ ಒಂದು. ಒಂದೇ ಧಾತು. ಒಬ್ಬರಿಗೆ ಅದರಲ್ಲಿ ಕಂಡದ್ದು ಕುರುಡು, ಇನ್ನೊಬ್ಬರಿಗೆ ಕೈಯ ಅಚ್ಚುಕಟ್ಟು. ಕೈ ಚಾಚಿ ವಸ್ತುವನ್ನು ಸರಿಸುವುದು ಎರಡರಲ್ಲಿಯೂ ಇದೆಯಷ್ಟೆ. ಎಡವಿದಳೋ ಜೋಡಿಸಿದಳೋ ಎಂಬುದನ್ನು ಪದ ಹೇಳುವುದಿಲ್ಲ, ಅವಳ ಬದುಕನ್ನು ನೋಡಿದವರು ಹೇಳಬೇಕು.

ಅವಳ ಇನ್ನೊಂದು ಹೆಸರಿನ ಕಥೆಯೂ ಸೊಗಸಾಗಿದೆ. 1676ರ ಈಸ್ಟರ್ ಹಬ್ಬದಲ್ಲಿ ಜೆಸ್ವಿಟ್ ಪಾದ್ರಿಯೊಬ್ಬ ಅವಳಿಗೆ ದೀಕ್ಷಾಸ್ನಾನ ಕೊಟ್ಟು, ಇಟಲಿಯ ಸಿಯೆನಾದ ಸಂತಳ ಹೆಸರನ್ನು ಇಟ್ಟ: ಕ್ಯಾಥರೀನ್. ಮೋಹಾಕರ ನಾಲಗೆಯಲ್ಲಿ ಅದು ‘ಕತೇರಿ’. ಅವರ ಭಾಷೆಯಲ್ಲಿ ತುಟಿ ಮುಚ್ಚಿ ನುಡಿಯುವ ಪ, ಬ, ಮ ಇಲ್ಲವೇ ಇಲ್ಲ. ಮರಿಯ ಎಂಬ ಹೆಸರು ‘ವರಿ’ ಆಗುತ್ತದೆ. ಊರಿನಲ್ಲಿ ಕಿರುಕುಳ ಹೆಚ್ಚಾಗಿ, 1677ರಲ್ಲಿ ಅವಳು ಮಾಂಟ್ರಿಯಲ್ ಬಳಿಯ ಕಾನವಾಗೆ ಎಂಬ ಕ್ರೈಸ್ತ ನೆಲೆಗೆ ಹೋದಳು. 1680ರ ಏಪ್ರಿಲ್ 17ರಂದು, ಇಪ್ಪತ್ತನಾಲ್ಕರ ಹರೆಯದಲ್ಲಿ ತೀರಿಕೊಂಡಳು. ಕಂಡ ಪಾದ್ರಿಗಳು ಅವಳ ಚರಿತ್ರೆ ಬರೆದಿಟ್ಟರು. ಅದರಲ್ಲಿ ಅವಳು ಫ್ರೆಂಚ್ ರೀತಿಯಲ್ಲಿ ಕ್ಯಾಥರೀನ್. ‘ಕತೇರಿ ತೆಕಕ್ವಿತಾ’ ಎಂಬ ಜೋಡಿ ಹೆಸರು ರೂಢಿಗೆ ಬಂದದ್ದು 1891ರಲ್ಲಿ ಎಲೆನ್ ವಾಲ್ವರ್ತ್ ಬರೆದ ಚರಿತ್ರೆಯಿಂದೀಚೆಗೆ. 2012ರ ಅಕ್ಟೋಬರ್ 21ರಂದು ರೋಮಿನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಅವಳನ್ನು ಸಂತಳೆಂದು ಸಾರಿದ್ದು ಈ ಹೆಸರಿನಿಂದಲೇ. ಈಗ ಅಮೆರಿಕದಲ್ಲಿ ಕತೇರಿ ಎಂಬ ಹುಡುಗಿಯರು ಎಷ್ಟೋ ಮಂದಿ. ಅವರಿಗೆ ಆ ಹೆಸರು ಬಂದದ್ದು ಒಬ್ಬಳಿಂದ. ಕಲೆಯ ಮುಖ, ಮಂದ ಕಣ್ಣು, ಕೈಯಲ್ಲಿ ಸೂಜಿ ಇದ್ದ ಒಬ್ಬಳಿಂದ.

ಇಲ್ಲಿ ಎರವಲಿನ ಪ್ರಶ್ನೆ ಏಳುತ್ತದೆ. ಅನ್ಯರ ಹೆಸರನ್ನು ನಾವು ಇಟ್ಟುಕೊಂಡರೆ ತಪ್ಪೇ? ಸುಮ್ಮನೆ ತಪ್ಪೆನ್ನಲಾರೆ. ಕ್ಯಾಥರೀನ್ ಗ್ರೀಕರ ನಾಡಿನಿಂದ ಸಿಯೆನಾಕ್ಕೆ, ಸಿಯೆನಾದಿಂದ ಮೋಹಾಕ್ ಕಣಿವೆಗೆ ಬಂದವಳಲ್ಲವೆ? ಮದ್ರಾಸಿನಲ್ಲಿ 1953ರ ಮಾರ್ಚಿಯಲ್ಲಿ ಹುಟ್ಟಿದ ಮಗುವಿಗೆ ಸ್ಟಾಲಿನ್ ಎಂದು ಹೆಸರಿಟ್ಟರು, ಆತ ಮುಂದೆ ಮುಖ್ಯಮಂತ್ರಿಯೂ ಆದರು. ಹೆಸರುಗಳಿಗೆ ಗಡಿಯಿಲ್ಲ. ಆದರೆ ಇರೊಕ್ವಾಯರ ವಿಷಯದಲ್ಲಿ ಒಂದು ಮುಳ್ಳಿದೆ. ಅದೇ ಜನರ ಮಕ್ಕಳಿಂದ ಹೆಸರನ್ನು ಕಿತ್ತುಕೊಂಡ ಕಾಲವೂ ಇತ್ತು. ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿ 1879ರಿಂದ 1918ರವರೆಗೆ ನಡೆದ ವಸತಿ ಶಾಲೆಯಲ್ಲಿ ಒನೈಡಾ, ಸೆನೆಕಾ ಮಕ್ಕಳೂ ಇದ್ದರು. ಅಲ್ಲಿ ಮೊದಲ ವರ್ಷವೇ ಸೇರಿದ ಲಕೋಟ ಜನಾಂಗದ ಹುಡುಗನೊಬ್ಬ ಮುಂದೆ ಬರೆದಿದ್ದಾನೆ: ಕರಿಹಲಗೆಯ ಮೇಲೆ ಬಿಳಿಯರ ಹೆಸರುಗಳನ್ನು ಬರೆದು, ಕೈಗೆ ಕೋಲು ಕೊಟ್ಟು, ಒಂದನ್ನು ತೋರಿಸೆಂದರು, ಓದಲು ಬಾರದ ಹುಡುಗ ಕೋಲಿಟ್ಟದ್ದು ‘ಲೂಥರ್’ ಎಂಬುದರ ಮೇಲೆ, ಅಂದಿನಿಂದ ಅವನು ಲೂಥರ್. ಕೆನಡಾದ ಬ್ರ್ಯಾಂಟ್‌ಫರ್ಡಿನ ಮೋಹಾಕ್ ವಸತಿ ಶಾಲೆ ಮುಚ್ಚಿದ್ದು 1970ರಲ್ಲಿ. ಅಲ್ಲಿ ಮಕ್ಕಳಿಗೆ ಸಂಖ್ಯೆ ಕೊಡುತ್ತಿದ್ದರು, ತಾಯ್ನುಡಿ ಆಡಿದರೆ ಶಿಕ್ಷೆ. ಅವರ ಹೆಸರನ್ನು ಅಳಿಸಿದ ಲೋಕವೇ ಅವರ ಮಾತುಗಳನ್ನು ಒಂದೊಂದು ಸಾಲಿನ ಅರ್ಥ ಹಚ್ಚಿ ಅಂಗಡಿಯಲ್ಲಿ ಇಟ್ಟಿರುವುದು ನನಗೆ ಕಿರಿಕಿರಿಯಾಗುತ್ತದೆ. ಕೊಂಡ ತಮ್ಮನ ಹೆಂಡತಿಯದು ಇದರಲ್ಲಿ ತಪ್ಪೇನೂ ಇಲ್ಲ. ‘ಇರೊಕ್ವಾಯ್ ಮೂಲದ್ದು’ ಎಂಬ ಆ ಎರಡು ಮಾತಿನ ಹಿಂದೆ ಯಾರೂ ನಿಂತಿಲ್ಲ ಎಂಬುದೇ ನನ್ನ ತಕರಾರು.

ಸಾಕಮ್ಮನ ಹಿಂದೆ ಒಬ್ಬಳು ನಿಂತಿದ್ದಾಳೆ. ಆದರೆ ಆ ಹೆಸರನ್ನು ಇಟ್ಟವರ ನಿಟ್ಟುಸಿರೂ ನಿಂತಿದೆ, ಸುಳ್ಳು ಹೇಳಬಾರದು. ಮಹಾರಾಷ್ಟ್ರದಲ್ಲಿರುವ ವಾಚಕರಿಗೆ ‘ನಕುಸಾ’ ಎಂಬ ಹೆಸರು ಗೊತ್ತಿರಬೇಕು, ಬೇಡವಾದವಳು ಎಂದರ್ಥ. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರಿನ 280ಕ್ಕೂ ಹೆಚ್ಚು ಹುಡುಗಿಯರಿಗೆ ಸರಕಾರವೇ ಸಮಾರಂಭ ಮಾಡಿ ಹೊಸ ಹೆಸರು ಕೊಡಿಸಿತು. ಆ ಹುಡುಗಿಯರ ಮುಂದೆ ನಿಂತು, ಅರ್ಥ ಮುಖ್ಯವಲ್ಲಮ್ಮ, ಬದುಕು ಮುಖ್ಯ ಎಂದು ಉಪದೇಶ ಮಾಡುವ ಧೈರ್ಯ ನನಗಿಲ್ಲ. ಹೆಸರನ್ನು ಹೊತ್ತವರಿಗೇ ಅದನ್ನು ಇಳಿಸುವ ಹಕ್ಕಿದೆ.

ಅಮ್ಮ ಇಳಿಸಲಿಲ್ಲ. ‘ಸಾಕು’ ಎಂಬುದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವಿದೆಯಷ್ಟೆ. ಅವಳು ತನ್ನ ಮೂವರನ್ನು ಸಾಕಿದಳು, ತೀರಿಹೋದ ಅಕ್ಕನ ಇಬ್ಬರನ್ನು ಸಾಕಿದಳು, ಎರಡು ಎಮ್ಮೆ, ಕೊನೆಯಲ್ಲಿ ಹಾಸಿಗೆ ಹಿಡಿದ ನಮ್ಮ ತಂದೆಯನ್ನು. ಬೆಂಗಳೂರಿನಲ್ಲಿ ‘ಕಾಫಿಪುಡಿ ಸಾಕಮ್ಮ’ ಎಂದು ಹೆಸರಾಗಿದ್ದ ಉದ್ಯಮಿ ಮಹಿಳೆಯ ಹೆಸರಿನ ಬಡಾವಣೆ ಬಸವನಗುಡಿಯಲ್ಲಿ ಈಗಲೂ ಇದೆ. ಆ ಹೆಸರು ಕೇಳಿದರೆ ಹಳಬರಿಗೆ ಹುರಿದ ಬೀಜದ ವಾಸನೆ ನೆನಪಾಗುತ್ತದೆಯೇ ಹೊರತು ‘ಇನ್ನು ಬೇಡ’ ಎಂಬ ಮಾತಲ್ಲ. ಅಮ್ಮನನ್ನು ದೆಹಲಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ ಅಲ್ಲಿಯ ಗುಮಾಸ್ತ ‘ಸಖಮ್ಮಾ ದೇವಿ’ ಎಂದು ಬರೆದುಕೊಂಡ. ನಾನು ತಿದ್ದಿಸಲು ಹೊರಟೆ. ಅವಳು ಕೈಹಿಡಿದು, “ಇರ್ಲಿ ಬಿಡೋ, ಸಖಿ ಅಂದಿದಾನೆ ಪಾಪ” ಎಂದು ನಕ್ಕಳು. ತೆಕಕ್ವಿತಾಳಿಗೆ ಎರಡೋ ಮೂರೋ ಅರ್ಥ. ಅಮ್ಮನಿಗೂ ಕೊನೆಗೆ ಮೂರಾದವು.

ಇಷ್ಟನ್ನು ಕೂಡಿಸಿಕೊಂಡು, ತಮ್ಮನ ಹೆಂಡತಿಗೆ ಒಂದು ಪತ್ರ ಬರೆಯಲು ಕುಳಿತೆ. ವಾದ ಸಿದ್ಧವಾಗಿತ್ತು: ನೀನು ಇರೊಕ್ವಾಯರನ್ನು ನಿಜವಾಗಿ ಅನುಸರಿಸುವುದಾದರೆ ಅವರ ಪದವನ್ನಲ್ಲ, ಪದ್ಧತಿಯನ್ನು ಎರವಲು ತೆಗೆದುಕೊ, ತೀರಿಕೊಂಡವಳ ಹೆಸರು ಮರಳಿ ಮಗುವಿಗೆ ಬರಲಿ. ಅರ್ಧ ಪುಟ ಬರೆದವನಿಗೆ ಮಾರ್ಗನ್ನನ ಇನ್ನೊಂದು ಮಾತು ನೆನಪಾಗಿ ಪೆನ್ನು ನಿಂತಿತು. ಇರೊಕ್ವಾಯರಲ್ಲಿ ಮಗು ತಾಯಿಯ ಕುಲದ್ದು. ಮುಖಂಡನನ್ನು ಆರಿಸುವುದು, ತಪ್ಪಿದರೆ ಇಳಿಸುವುದು, ಮಗುವಿಗೆ ಹೆಸರು ಹುಡುಕುವುದು ಎಲ್ಲ ಆ ಕುಲದ ಹೆಂಗಸರ ಹಕ್ಕು. ತಂದೆಯ ತಾಯಿ ಬೇರೆ ಕುಲದವಳು. ಅವಳ ಹೆಸರು ಈ ಮಗುವಿಗೆ ಬರುವಂತೆಯೇ ಇಲ್ಲ. ತಂದೆಯ ಅಣ್ಣನಿಗಂತೂ ಆ ಸಭೆಯಲ್ಲಿ ಬಾಯಿ ತೆರೆಯುವ ಅಧಿಕಾರವೇ ಇಲ್ಲ. ಆ ಲೆಕ್ಕದಲ್ಲಿ ಬರಬೇಕಾದದ್ದು ಮಗುವಿನ ತಾಯಿಯ ತಾಯಿಯ ಹೆಸರು. ಅವರೂ ಆರು ವರ್ಷದ ಹಿಂದೆ ತೀರಿಕೊಂಡಿದ್ದಾರೆ.

ಪತ್ರದಲ್ಲಿ ಅದನ್ನೂ ಸೇರಿಸೋಣವೆಂದುಕೊಂಡೆ. ಆಗ ಗೊತ್ತಾಯಿತು, ಅವರ ಹೆಸರು ನನಗೆ ತಿಳಿಯದು. ಹನ್ನೊಂದು ವರ್ಷದ ಬೀಗತನ. ಅವರ ಕೈಯಡುಗೆ ಉಂಡಿದ್ದೇನೆ. ಅವರ ವೈಕುಂಠ ಸಮಾರಾಧನೆಗೂ ಹೋಗಿ ಬಂದಿದ್ದೇನೆ. ಮನೆಯಲ್ಲಿ ಅವರನ್ನು ನಾವು ಬೀಗಿತ್ತಿ ಎಂದಷ್ಟೇ ಹೇಳುತ್ತಿದ್ದುದು. ಪೆಟ್ಟಿಗೆಯಿಂದ ತಮ್ಮನ ಲಗ್ನಪತ್ರಿಕೆ ತೆಗೆದು ನೋಡಿದೆ. ‘ಶ್ರೀಮತಿ ಮತ್ತು ಶ್ರೀ’ ಎಂದಿದ್ದು, ಮುಂದೆ ಬೀಗರ ಹೆಸರೊಂದೇ ಅಚ್ಚಾಗಿತ್ತು.

ತಮ್ಮನಿಗೆ ಫೋನು ಮಾಡಿ, “ನಿನ್ನ ಅತ್ತೆಯ ಹೆಸರೇನೋ?” ಎಂದು ಕೇಳಿದೆ.

“ಅತ್ತೆ ಹೆಸರಾ? ನಾನು ಅತ್ತೆ ಅಂತಾನೇ ಕರೀತಿದ್ದದ್ದು... ಅವರ ಮನೇಲಿ ಎಲ್ಲಾರೂ ಅಕ್ಕಯ್ಯ ಅಂತಿದ್ರು. ತಡಿ, ಇವಳನ್ನ ಕೇಳ್ತೀನಿ” ಎಂದ.

ಆ ಕಡೆ ಮಗು ಅಳುತ್ತಿತ್ತು. ಅವಳೇ ಫೋನು ತೆಗೆದುಕೊಂಡಳು. “ಅಮ್ಮನ ಹೆಸರು ಯಾಕೆ ಭಾವ?” ಎಂದಳು. ಬರೆಯುತ್ತಿದ್ದ ಪತ್ರದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಹೆಸರನ್ನು ಹೇಳಿದಳು. ನಾನು ಅದನ್ನು ಬರೆದುಕೊಂಡು, ಅಕ್ಷರ ಸರಿಯಾಗಿದೆಯೇ ಎಂದು ಎರಡು ಸಲ ಓದಿ ಹೇಳಿದೆ.